ಎಫ್‌ಸಿಗೋ, ಓಡಿಸೋಕೋ?

ದಾವಣಗೆರೆಯಲ್ಲಿ ಮಾರಾಟಕ್ಕೆ ನಿಂತ ಹಳೇ ಕಾರುಗಳನ್ನೆಲ್ಲ ಡಾಕ್ಟರುಗಳೇ ಓಡಿಸಿರುತ್ತಾರೆ. ಅನುಮಾನವಿದ್ದರೆ ಪಿ.ಬಿ. ರಸ್ತೆಯಲ್ಲಿ ಯಾವ ಆಟೋ ಕನ್ಸಲ್ಟೆಂಟನ್ನಾದರೂ ಕೇಳಿ ನೋಡಿ. “ಡಾಕ್ಟರ್ ಗಾಡಿ ಸಾರ್. ಸಿಂಗಲ್ ಓನರ್. ಮನೆಯಿಂದ ಆಸ್ಪತ್ರೆ, ಆಸ್ಪತ್ರೆಯಿಂದ ಮನೆ, ಬೇರೆಲ್ಲೂ ಹೋಗಿಲ್ಲ.” 1965ರಲ್ಲೇ ಜೆ.ಜೆ.ಎಂ. ಮೆಡಿಕಲ್ ಕಾಲೇಜು ಕಂಡ ಊರು ನಮ್ಮದು, ಡಾಕ್ಟರುಗಳಿಗೆ ಬರವಿಲ್ಲ, ಒಪ್ಪಿದೆ. ಆದರೆ ಮಾರಾಟಕ್ಕಿರುವ ಡಾಕ್ಟರ್ ಗಾಡಿಗಳನ್ನು ಎಣಿಸಿದರೆ ಇಲ್ಲಿ ರೋಗಿಗಳಿಗಿಂತ ಡಾಕ್ಟರುಗಳೇ ಹೆಚ್ಚಿರಬೇಕು, ಅವರಲ್ಲಿ ಒಬ್ಬರೂ ನೆಂಟರ ಮದುವೆಗೆ ಹೋಗಿರಬಾರದು. ಡಾಕ್ಟರೇ ಏಕೆ ಎಂದು ಮಾತ್ರ ಯಾರೂ ಕೇಳುವುದಿಲ್ಲ. ಜನರ ಬಿ.ಪಿ. ನೋಡುವವರು ಟೈರಿನ ಗಾಳಿಯನ್ನೂ ನೋಡಿರುತ್ತಾರೆ ಎಂದು ನಾವು ನಂಬಿದ್ದೇವೆ. ಪಾಪ, ಅವರಿಗೆ ಬಾನೆಟ್ ತೆರೆಯಲು ಪುರಸೊತ್ತು ಎಲ್ಲಿತ್ತು?

ಸರಸ್ವತಿ ನಗರದ ನಮ್ಮ ಬೀದಿಯ ನಿವೃತ್ತ ಮೇಷ್ಟ್ರು ಇಂಥದೊಂದು ಡಾಕ್ಟರ್ ಗಾಡಿ ಕೊಂಡಿದ್ದರು. 2010ರ ಸಣ್ಣ ಪೆಟ್ರೋಲ್ ಕಾರು. ಕೊಂಡಾಗ ಅದಕ್ಕೆ ಹನ್ನೆರಡು ವರ್ಷ, ಮೀಟರಿನಲ್ಲಿ 31 ಸಾವಿರ ಕಿಲೋಮೀಟರು. ಮೇಷ್ಟ್ರು ಗಣಿತದವರು, ಅಲ್ಲೇ ಬಾಯಿಲೆಕ್ಕ ಮಾಡಿ “ದಿನಕ್ಕೆ ಏಳೇ ಕಿಲೋಮೀಟರು” ಎಂದು ಸಂತೋಷಪಟ್ಟರು. ದಿನಕ್ಕೆ ಏಳು ಕಿಲೋಮೀಟರು ಓಡಿದ ಕಾರಿನ ಕ್ಲಚ್ ಪೆಡಲಿನ ರಬ್ಬರು ಸವೆದು ಕಬ್ಬಿಣ ಕಾಣಿಸುತ್ತಿದ್ದುದು, ಸ್ಟೀರಿಂಗು ಹತ್ತಾರು ಕೈ ಕಂಡು ನುಣ್ಣಗೆ ಮಿನುಗುತ್ತಿದ್ದುದು, ಡ್ರೈವರ್ ಸೀಟು ಒಂದು ಪಕ್ಕಕ್ಕೆ ಕುಸಿದು ಕೂತಿದ್ದುದು ಅವರ ಲೆಕ್ಕದೊಳಗೆ ಬರಲಿಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸುವವರು ಪೆಡಲಿನ ರಬ್ಬರು ಬದಲಿಸಲು ಮರೆಯುತ್ತಾರೆ. ಕಸುಬಿನ ನಿಷ್ಠೆ ಎಲ್ಲ ಕಡೆಯೂ ಕಡಿಮೆಯಾಗಿದೆ.

2025ಕ್ಕೆ ಆ ಕಾರಿಗೆ ಹದಿನೈದು ತುಂಬಿತು. 1988ರ ಮೋಟಾರು ವಾಹನ ಕಾಯ್ದೆಯ 41ನೇ ಕಲಮು ಸ್ವಂತ ಬಳಕೆಯ ಕಾರಿನ ನೋಂದಣಿಗೆ 15 ವರ್ಷದ ಆಯುಸ್ಸು ಕೊಟ್ಟಿದೆ, ಆಮೇಲೆ ಐದೈದು ವರ್ಷಕ್ಕೊಮ್ಮೆ ನವೀಕರಣ. ನವೀಕರಣಕ್ಕೆ ಮುಂಚೆ ಗಾಡಿಯನ್ನು ಬ್ರೇಕ್ ಇನ್ಸ್‌ಪೆಕ್ಟರ ಮುಂದೆ ನಿಲ್ಲಿಸಿ ರಸ್ತೆಗೆ ಲಾಯಕ್ಕು ಎನಿಸಿಕೊಳ್ಳಬೇಕು. ಕಾಗದದಲ್ಲಿ ಇದರ ಹೆಸರು ಏನೇ ಇರಲಿ, ಜನರ ಬಾಯಲ್ಲಿ ಇದೂ ಎಫ್‌ಸಿಯೇ.

ಇಲ್ಲಿ ನಮ್ಮ ಕಾನೂನಿನ ಜಾಣತನವನ್ನು ಸ್ವಲ್ಪ ಮೆಚ್ಚಿಕೊಳ್ಳಬೇಕು. ಬಾಡಿಗೆ ಗಾಡಿ, ಸರಕಿನ ಗಾಡಿಗೆ ಎಂಟು ವರ್ಷ ತುಂಬುವವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ, ಆಮೇಲೆ ಪ್ರತಿ ವರ್ಷ. ಸ್ವಂತ ಕಾರನ್ನು ಹದಿನೈದು ವರ್ಷ ಯಾರೂ ಮಾತಾಡಿಸುವುದಿಲ್ಲ. ಬಾಡಿಗೆ ಗಾಡಿಯ ಬ್ರೇಕು ಸವೆಯುತ್ತದೆ, ಸ್ವಂತ ಕಾರಿನ ಬ್ರೇಕು ಮಾಲೀಕನ ಮೇಲಿನ ಅಭಿಮಾನದಿಂದ ಹಾಗೇ ಉಳಿದುಕೊಳ್ಳುತ್ತದೆ ಎಂಬುದು ಇದರ ಹಿಂದಿನ ವಿಜ್ಞಾನ ಇರಬೇಕು. ಅಷ್ಟು ವರ್ಷಗಳ ನಡುವೆ ಸರ್ಕಾರ ವಿಚಾರಿಸುವುದು ಹೊಗೆಯನ್ನು ಮಾತ್ರ. ಹಳೇ ಕಾರಾದರೆ ಆರು ತಿಂಗಳಿಗೊಮ್ಮೆ ಎಮಿಷನ್ ಟೆಸ್ಟು. ಪೆಟ್ರೋಲ್ ಬಂಕಿನ ಮೂಲೆಯಲ್ಲಿ ನಿಂತ ವ್ಯಾನಿನಿಂದ ಹುಡುಗ ಇಳಿದು ಬರುತ್ತಾನೆ, ಸೈಲೆನ್ಸರಿಗೆ ಕೊಳವೆ ತೂರಿಸುತ್ತಾನೆ, ನಂಬರ್ ಪ್ಲೇಟಿನ ಫೋಟೊ ಹೊಡೆಯುತ್ತಾನೆ, ಇಂಗಾಲದ ಮಾನಾಕ್ಸೈಡು ಶೇಕಡಾ 0.5ರ ಒಳಗಿದೆ ಎಂದು ಚೀಟಿ ಕೊಡುತ್ತಾನೆ. ಹೀಗೆ ಹೊಗೆಗೆ ವರ್ಷಕ್ಕೆ ಎರಡು ಪರೀಕ್ಷೆ, ಬ್ರೇಕಿಗೆ ಹದಿನೈದು ವರ್ಷಕ್ಕೆ ಒಂದು. ಕಾರು ಗುದ್ದಿ ಸತ್ತವನ ಮನೆಯವರಿಗೆ ಅವನು ಒಳ್ಳೆಯ ಗಾಳಿ ಕುಡಿದೇ ಸತ್ತ ಎಂಬ ಸಮಾಧಾನವಾದರೂ ಇರಲಿ ಎಂದು.

ಮೇಷ್ಟ್ರು ಕಾಗದ ಹೊಂದಿಸಲು ಶುರು ಮಾಡಿದರು. 25ನೇ ನಮೂನೆಯ ಅರ್ಜಿ, ಅದೂ ಅವಧಿ ಮುಗಿಯುವ ಮುಂಚಿನ 60 ದಿನದೊಳಗೆ. ಆರ್‌ಸಿ, ಇನ್ಶೂರೆನ್ಸು, ಎಮಿಷನ್ ಚೀಟಿ, ಹಸಿರು ತೆರಿಗೆ. ಹಸಿರು ತೆರಿಗೆ ಕಟ್ಟಿದ ಮೇಲೆ ಕಾರು ಬಿಡುವ ಹೊಗೆಯ ಬಣ್ಣ ಬದಲಾಗುತ್ತದೆಯೇ ಎಂದು ಅವರು ಕೇಳಿದ್ದಕ್ಕೆ ಏಜೆಂಟು ನಗಲಿಲ್ಲ. ನವೀಕರಣದ ಶುಲ್ಕ ಒಂದು ಕಾಲಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲ್ 1ರಿಂದ 5,000 ಆಯಿತು. ತಡ ಮಾಡಿದರೆ ತಿಂಗಳಿಗೆ 500ರ ದಂಡ ಬೇರೆ. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ದಾಟಿದ ಕಾರಿಗೆ 10,000 ಎಂದು ಇನ್ನೊಂದು ಆದೇಶ ಬಂತು. ಕಾರು ಮುದಿಯಾದಷ್ಟೂ ಶುಲ್ಕ ಬಲಿಯುತ್ತದೆ. ತಪಾಸಣೆ ಮಾತ್ರ ಅಂದಿನಷ್ಟೇ ಎಳಸು.

ಆಮೇಲೆ ನಂಬರ್ ಪ್ಲೇಟು. 2019ರ ಏಪ್ರಿಲಿಗೆ ಮುಂಚಿನ ಗಾಡಿಗಳೆಲ್ಲ ಎಚ್‌ಎಸ್‌ಆರ್‌ಪಿ ಹಾಕಿಸಲೇಬೇಕು, 2023ರ ನವೆಂಬರ್ 17 ಕಡೇ ದಿನ ಎಂದು ಕರ್ನಾಟಕ ಸರ್ಕಾರ ಗುಡುಗಿತ್ತು. ಆ ಕಡೇ ದಿನ 2024ರ ಫೆಬ್ರವರಿ 17ಕ್ಕೆ ಹೋಯಿತು, ಅಲ್ಲಿಂದ ಮೇ 31ಕ್ಕೆ, ಅಲ್ಲಿಂದ ಮುಂದಕ್ಕೆ. ರಾಜ್ಯದಲ್ಲಿ ಯಾವ ಬ್ರೇಕೂ ಇಲ್ಲದೆ ಸಲೀಸಾಗಿ ಓಡಿದ್ದು ಆ ಗಡುವೊಂದೇ. ಕೊನೆಗೆ ಚಾಸಿ ಪ್ರಿಂಟು. ಬಾನೆಟ್ ಎತ್ತಿ, ತಗಡಿನಲ್ಲಿ ಕೆತ್ತಿರುವ ನಂಬರಿನ ಮೇಲೆ ಪೆನ್ಸಿಲು ಉಜ್ಜಿ, ಸೆಲ್ಲೋಟೇಪು ಒತ್ತಿ, ಮೂಡಿದ ಅಚ್ಚನ್ನು ಕಾಗದಕ್ಕೆ ಅಂಟಿಸುವ ಕೈಕೆಲಸ. ಮೇಷ್ಟ್ರು ಇದನ್ನು ಎಷ್ಟು ಶ್ರದ್ಧೆಯಿಂದ ಮಾಡಿದರೆಂದರೆ, ಪಕ್ಕದಲ್ಲೇ ಕಪ್ಪಗೆ ತಿರುಗಿದ ಬ್ರೇಕ್ ಆಯಿಲಿನ ಡಬ್ಬಿ ಅವರ ಕಣ್ಣಿಗೆ ಬೀಳಲಿಲ್ಲ.

ನೋಡಿ, ಇಷ್ಟೂ ಕಾಗದಗಳು ಸೇರಿ ಕಾರನ್ನು ಕೇಳುತ್ತಿರುವುದು ಒಂದೇ ಪ್ರಶ್ನೆ: ನೀನು ಅದೇ ಕಾರು ಹೌದೋ ಅಲ್ಲವೋ? ಹೌದು ಎನ್ನಲು ಕೆತ್ತಿದ ನಂಬರಿದೆ, ಲೇಸರ್ ಕೋಡಿದೆ, ಫೋಟೊ ಇದೆ. ನೀನು ನಿಲ್ಲುತ್ತೀಯಾ ಎಂದು ಕೇಳಲು ಒಂದು ಕಾಲಮ್ಮೂ ಇಲ್ಲ. ಕಳ್ಳತನದ ಕಾರು ಇಲ್ಲಿ ಸಿಕ್ಕಿಬೀಳಬಹುದು. ಕೊಲೆಗಡುಕ ಕಾರು ಸಾಚಾ ಕಾಗದ ಇಟ್ಟುಕೊಂಡು ಬಂದರೆ ಅದಕ್ಕೆ ರತ್ನಗಂಬಳಿ.

ಗಾಡಿಯನ್ನು ತಯಾರು ಮಾಡಿಸಲು ಮೇಷ್ಟ್ರು ನನ್ನನ್ನೂ ಕೂರಿಸಿಕೊಂಡು ಹರಿಹರಕ್ಕೆ ಹೊರಟರು. ಬಾತಿ ದಾಟಿದರೆ ಹರಿಹರ, ದೂರವೇನಿಲ್ಲ. ಅಲ್ಲಿಯ ಗ್ಯಾರೇಜಿನವನು ಅವರ ಹಳೇ ಶಿಷ್ಯ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಕೈಕೊಟ್ಟಿದ್ದಕ್ಕೆ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಗೆ ಸೇರಿ, ಅದು ಮುಚ್ಚಿದ ಮೇಲೆ ಗ್ಯಾರೇಜು ಇಟ್ಟವನು. 1941ರಲ್ಲಿ ಶುರುವಾದ ಆ ಕಾರ್ಖಾನೆ ದೇಶಕ್ಕೆಲ್ಲ ಲೇತ್ ಮಾಡಿ ಕೊಟ್ಟಿತ್ತು. ಕೂದಲೆಳೆಯ ಹತ್ತನೇ ಒಂದು ಪಾಲು ಆಚೀಚೆಯಾದರೆ ಮಾಲು ವಾಪಸ್ಸು ಎನ್ನುವ ಶಿಸ್ತಿನಲ್ಲಿ ಪಳಗಿದ ಕೈಗಳು ಹರಿಹರದಲ್ಲಿ ಈಗಲೂ ಇವೆ. ಅಂಥ ಊರಿನ ಪಕ್ಕದಲ್ಲೇ ಕಾರಿನ ಯೋಗಕ್ಷೇಮವನ್ನು ಕಣ್ಣಂದಾಜಿನಲ್ಲಿ ಅಳೆಯುವ ಪದ್ಧತಿ ಊರ್ಜಿತವಾಗಿರುವುದಕ್ಕೆ ತುಂಗಭದ್ರೆಯೊಬ್ಬಳೇ ಸಾಕ್ಷಿ.

ಶಿಷ್ಯ ಎಣ್ಣೆ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದ ಮೊದಲ ಮಾತು: “ಎಫ್‌ಸಿಗೋ ಮೇಷ್ಟ್ರೆ, ಓಡಿಸೋಕೋ?”

ಈ ದೇಶದ ವಾಹನ ತಪಾಸಣೆಯ ಬಗ್ಗೆ ಇದಕ್ಕಿಂತ ಚಿಕ್ಕ ವರದಿಯನ್ನು ಯಾವ ಸಮಿತಿಯೂ ಕೊಟ್ಟಿಲ್ಲ. ಎರಡಕ್ಕೂ ಬೇರೆ ಬೇರೆ ಪಟ್ಟಿ, ಬೇರೆ ಬೇರೆ ರೇಟು.

ಮೊದಲು ಎರಡನೆಯದನ್ನೇ ನೋಡುತ್ತೇನೆಂದು ಅವನು ಗಾಡಿಯನ್ನು ಜಾಕಿಗೆ ಏರಿಸಿದ. ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದರೆ ಟಕ್ ಟಕ್ ಎಂದಿತು. “ಬಾಲ್ ಜಾಯಿಂಟು ಹೋಗೈತೆ. ಲೋಯರ್ ಆರ್ಮ್ ಬುಷ್ಷು ಪುಡಿ ಪುಡಿ.” ಸ್ಮಾರ್ಟ್ ಸಿಟಿಯ ಮೊದಲ ಪಟ್ಟಿಯಲ್ಲೇ, 2016ರಲ್ಲಿ, ಹೆಸರು ಬರೆಸಿಕೊಂಡ ಊರಿನ ಹಂಪುಗಳನ್ನು ದಿನಾ ಹತ್ತಿಳಿಯುವ ಗಾಡಿಗೆ ಬುಷ್ಷು ಉಳಿದರೇ ಆಶ್ಚರ್ಯ. ಹಿಂದಿನ ಡ್ರಮ್ಮು ಬಿಚ್ಚಿದ. ವೀಲ್ ಸಿಲಿಂಡರು ಒಸರಿ ಬ್ರೇಕ್ ಶೂ ಎಣ್ಣೆಯಲ್ಲಿ ನೆನೆದು ಕೂತಿತ್ತು, ಅಂದರೆ ಹಿಂದಿನ ಎಡ ಚಕ್ರಕ್ಕೆ ಬ್ರೇಕೆಂಬುದು ಹೆಸರಿಗೆ ಮಾತ್ರ. ಬ್ರೇಕ್ ಆಯಿಲಿಗೆ ಗಾಳಿಯ ತೇವ ಹೀರುವ ಗುಣ. ವರ್ಷಗಟ್ಟಲೆ ಬದಲಿಸದೆ ಬಿಟ್ಟರೆ ಬಿಸಿಗೆ ಬೇಗ ಕುದಿದು ಗುಳ್ಳೆ ಏಳುತ್ತದೆ, ಘಾಟಿ ಇಳಿಯುವಾಗ ಪೆಡಲು ಮೆತ್ತಗೆ ನೆಲಕ್ಕೆ ಕೂರುತ್ತದೆ. ಹ್ಯಾಂಡ್ ಬ್ರೇಕಿನ ಕೇಬಲ್ಲು ಎಂದೋ ಹಿಡಿದುಕೊಂಡುಬಿಟ್ಟಿತ್ತು. ಅಶೋಕ ಟಾಕೀಸ್ ಹತ್ತಿರದ ರೈಲ್ವೆ ಗೇಟಿನಲ್ಲಿ ಹಾಫ್ ಕ್ಲಚ್ಚಿನಲ್ಲಿ ತಪಸ್ಸು ಮಾಡಿದ ಕ್ಲಚ್ ಪ್ಲೇಟಿನ ಕಥೆಯನ್ನು ಅವನು ಹೇಳಲಿಲ್ಲ, ನಾವೂ ಕೇಳಲಿಲ್ಲ. ಕಾಲಡಿಯ ಮ್ಯಾಟು ಎತ್ತಿದರೆ ತುಕ್ಕು ಹಿಡಿದ ತಗಡಿನ ಸಂದಿಯಲ್ಲಿ ಹರಿಹರದ ನೆಲ ಕಾಣಿಸಿತು. ಇಲಿ ಕಡಿದ ವೈರು ಎರಡು ಕಡೆ.

“ಕಮ್ಮಿ ಓಡಿದ ಗಾಡಿ ಅಲ್ಲೇನೋ ಇದು!” ಎಂದರು ಮೇಷ್ಟ್ರು.

“ಕಮ್ಮಿ ಓಡಿದ್ದಕ್ಕೇ ಹಿಂಗಾಗಿರೋದು ಮೇಷ್ಟ್ರೆ. ನಿಮ್ಮ ಮನೇಲಿ ವಾರಗಟ್ಲೆ ನಿಂತೇ ಇರ್ತೈತಲ್ಲ. ಓಡೋ ಗಾಡಿಗೆ ಇಲಿ ಹತ್ತಲ್ಲ, ಸಿಲಿಂಡರು ಹಿಡಿಯಲ್ಲ. ಈ ಟೈರು ನೋಡ್ರಿ.”

ಟೈರು ನೋಡಿದೆವು. ಗೀರು ಆಳವಾಗಿಯೇ ಇತ್ತು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ಕಾರಿನ ಟೈರಿಗೆ ಕೇಳುವುದು 1.6 ಮಿಲಿಮೀಟರಿನ ಆಳ, ಇದರಲ್ಲಿ ಅದಕ್ಕೆ ಮೂರು ಪಟ್ಟಿತ್ತು. ಅವನು ತೋರಿಸಿದ್ದು ಪಕ್ಕದಲ್ಲಿ ಒತ್ತಿದ್ದ ನಾಲ್ಕು ಅಂಕೆಗಳನ್ನು: 2312. ಅಂದರೆ 2012ನೇ ಇಸವಿಯ ಇಪ್ಪತ್ಮೂರನೇ ವಾರದಲ್ಲಿ ಹುಟ್ಟಿದ ಟೈರು. ರಬ್ಬರು ಕಲ್ಲಾಗಿತ್ತು, ಪಕ್ಕೆಯಲ್ಲೆಲ್ಲ ಸಣ್ಣ ಬಿರುಕು. ಮಳೆಯಲ್ಲಿ ಇದು ರಸ್ತೆಯನ್ನು ಹಿಡಿಯುವುದಿಲ್ಲ, ಬೇಸಿಗೆಯಲ್ಲಿ ಹೆದ್ದಾರಿಯ ವೇಗಕ್ಕೆ ಸಿಡಿಯಬಹುದು. ಆದರೆ ಆಳದ ಪರೀಕ್ಷೆಯಲ್ಲಿ ಮೊದಲನೇ ದರ್ಜೆ.

ಖರ್ಚಿನ ಅಂದಾಜು ಕೇಳಿ ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. “ಎಫ್‌ಸಿಗೆ ಎಷ್ಟು ಬೇಕೋ ಅಷ್ಟು ಮಾಡಪ್ಪ” ಎಂದರು.

ಅಷ್ಟು ಎಂದರೆ ಇಷ್ಟು: ಸುಟ್ಟ ಇಂಡಿಕೇಟರ್ ಬಲ್ಬು, ಹಾರ್ನು, ವೈಪರಿನ ರಬ್ಬರು, ಸೈಲೆನ್ಸರಿನ ತೂತಿಗೆ ತಗಡಿನ ಪಟ್ಟಿ, ತುಕ್ಕಿನ ಮೇಲೆ ಕರೀ ಬಣ್ಣದ ಒಂದು ಕೋಟು, ಎಂಜಿನ್ನಿಗೆ ಡೀಸೆಲ್ ಹೊಡೆದು ನೀರಿನಲ್ಲಿ ತೊಳೆಯುವುದು. ಬಿರುಕು ಬಿಟ್ಟ ಟೈರು ಕಣ್ಣಿಗೆ ಹೊಡೆಯುತ್ತದೆ ಎಂದು ಗ್ಯಾರೇಜಿನ ಅಟ್ಟದಿಂದ ನಾಲ್ಕು ಒಳ್ಳೆಯ ಟೈರು ಇಳಿದವು. ಅವುಗಳ ಹೆಸರೇ ‘ಎಫ್‌ಸಿ ಸೆಟ್ಟು’. ಹೆಣ್ಣು ನೋಡಲು ಬರುವ ದಿನ ಪಕ್ಕದ ಮನೆಯ ಸರ ಹುಡುಗಿಯ ಕೊರಳಿಗೆ ಬರುವ ಹಾಗೆ ಅವು ಇವತ್ತು ಈ ಕಾರಿಗೆ, ನಾಳೆ ಇನ್ನೊಂದಕ್ಕೆ. ಲಾರಿಗಳ ಲೋಕದಲ್ಲಿ ಬೆಂಕಿ ಆರಿಸುವ ಸಿಲಿಂಡರು, ಫಸ್ಟ್ ಏಡ್ ಡಬ್ಬಿ, ಸ್ಪೀಡ್ ಗವರ್ನರು ಕೂಡ ಹೀಗೆ ಮನೆ ಮನೆ ತಿರುಗುತ್ತವಂತೆ. ನೂರಾರು ಸಲ ಎಫ್‌ಸಿ ಪಾಸಾದ ಆ ಟೈರುಗಳಿಗೆ ಸರ್ಕಾರ ಒಂದು ಪದಕವನ್ನಾದರೂ ಕೊಡಬೇಕು.

ತಪಾಸಣೆಯ ದಿನದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಯಾವ ಊರಿನ ಯಾವ ಕಚೇರಿ ಎಂದೂ ಕೇಳಬೇಡಿ. ಕರ್ನಾಟಕದ ನಕ್ಷೆಯ ಮೇಲೆ ಕಣ್ಣು ಮುಚ್ಚಿ ಬೆರಳಿಟ್ಟರೂ ನಡೆದೀತು. ಇನ್ಸ್‌ಪೆಕ್ಟರನ್ನು ಬೈಯುವುದು ಸುಲಭ, ಆದರೆ ಅವರ ಕೈಗೆ ನಾವು ಕೊಟ್ಟಿರುವ ಸಲಕರಣೆ ಎರಡು ಕಣ್ಣು, ಒಂದು ಪೆನ್ನು, ಮುಂದೆ ಒಂದು ಉದ್ದನೆಯ ಸಾಲು. ಗಂಟೆಗೆ 30 ಕಿಲೋಮೀಟರು ವೇಗದ ಗಾಡಿ ಬ್ರೇಕು ಒತ್ತಿದರೆ 13 ಮೀಟರಿನೊಳಗೆ ನಿಲ್ಲಬೇಕೆಂದು ನಿಯಮವಿದೆ. 30ರ ವೇಗ ಹಿಡಿಯಲು ಜಾಗವಿಲ್ಲದ ಅಂಗಳದಲ್ಲಿ ನಾಲ್ಕು ಮಾರು ಮುಂದೆ ಬಂದು ನಿಂತರೆ ನಿಂತ ಹಾಗೆ. ಸ್ಟೀರಿಂಗಿನ ಆಟ 30 ಡಿಗ್ರಿ ಮೀರಬಾರದು ಎಂದು ಇನ್ನೊಂದು. ಅದನ್ನು ಅಳೆಯುವ ಪಟ್ಟಿ ಮೇಷ್ಟ್ರ ಕಂಪಾಸ್ ಪೆಟ್ಟಿಗೆಯಲ್ಲಿತ್ತೇ ಹೊರತು ಅಲ್ಲಿ ಕಾಣಲಿಲ್ಲ. ಹ್ಯಾಂಡ್ ಬ್ರೇಕಿನ ಮಾತೇ ಬರಲಿಲ್ಲ, ಅಂಗಳ ಸಮತಟ್ಟಾಗಿತ್ತು. ಲೈಟು ಹತ್ತಿತು, ಹಾರ್ನು ಕೂಗಿತು, ಫೋಟೊ ಬಿತ್ತು. ಚಾಸಿ ನಂಬರನ್ನು ಮಾತ್ರ ಒಂದೊಂದೇ ಅಂಕೆ ಓದಿ ಸರಿ ನೋಡಿದರು.

ಇದಕ್ಕೆಲ್ಲ ಯಂತ್ರವೇ ಮದ್ದು ಎಂದು ದೆಹಲಿಯೂ ಹೇಳಿದೆ. 2021ರ ಸೆಪ್ಟೆಂಬರಿನಲ್ಲಿ ಸ್ವಯಂಚಾಲಿತ ತಪಾಸಣಾ ಕೇಂದ್ರಗಳಿಗೆ ನಿಯಮ ಬಂತು. ಚಕ್ರಗಳನ್ನು ರೋಲರಿನ ಮೇಲೆ ತಿರುಗಿಸಿ ಒಂದೊಂದರ ಬ್ರೇಕಿನ ಬಲವನ್ನೂ ಬೇರೆ ಬೇರೆ ಅಳೆಯುತ್ತಾರೆ, ಜಾಯಿಂಟುಗಳನ್ನು ಕೆಳಗಿನಿಂದ ಅಲ್ಲಾಡಿಸಿ ನೋಡುತ್ತಾರೆ, ಫಲಿತಾಂಶ ಮನುಷ್ಯರ ಕೈ ಸೋಕದೆ ಕಂಪ್ಯೂಟರಿಗೆ ಹೋಗುತ್ತದೆ. ಮೇಷ್ಟ್ರ ಕಾರಿನ ಎಡಗಡೆ ಹಿಂದಿನ ಚಕ್ರ ಅಲ್ಲಿ ಅರೆ ನಿಮಿಷದಲ್ಲಿ ಬಾಯಿ ಬಿಡುತ್ತಿತ್ತು. ಭಾರಿ ವಾಹನಗಳಿಗೆ 2023ರ ಏಪ್ರಿಲ್ 1ರಿಂದ ಇದು ಕಡ್ಡಾಯ ಎಂದರು. ಆಮೇಲೆ 2024ರ ಅಕ್ಟೋಬರ್ 1 ಎಂದರು. ನಂಬರ್ ಪ್ಲೇಟಿನ ಗಡುವಿಗೆ ಅಣ್ಣತಮ್ಮಂದಿರು ಇದ್ದಾರೆಂದು ಅವತ್ತೇ ಗೊತ್ತಾಯಿತು. ಕೇಂದ್ರ ಬಂದರೂ ಎಫ್‌ಸಿ ಸೆಟ್ಟಿಗೆ ನಿರುದ್ಯೋಗ ಬರುವುದಿಲ್ಲ. ಟೈರು ಯಾರ ಮನೆಯದೆಂದು ರೋಲರು ಕೇಳುವುದಿಲ್ಲವಲ್ಲ.

ಬ್ರಿಟನ್ನಿನವರು 1960ರಲ್ಲಿ ಹತ್ತು ವರ್ಷ ದಾಟಿದ ಕಾರುಗಳಿಗೆ ಕಡ್ಡಾಯ ತಪಾಸಣೆ ತಂದರು. ಬಂದ ಕಾರುಗಳು ಸಾಲು ಸಾಲಾಗಿ ಫೇಲಾದವು. ನಮ್ಮವರಾಗಿದ್ದರೆ ಜನರಿಗೆ ತೊಂದರೆ ಎಂದು ಹತ್ತನ್ನು ಇಪ್ಪತ್ತು ಮಾಡುತ್ತಿದ್ದರು. ಅವರು ಮರುವರ್ಷವೇ ಏಳಕ್ಕೆ ಇಳಿಸಿದರು, 1967ಕ್ಕೆ ಮೂರಕ್ಕೆ ತಂದರು. ಈಗಲೂ ಅಲ್ಲಿ ಮೂರು ವರ್ಷ ತುಂಬಿದ ಕಾರಿಗೆ ಪ್ರತಿ ವರ್ಷ ಪರೀಕ್ಷೆ, ಮೊದಲ ಸಲಕ್ಕೇ ಫೇಲಾಗುವವು ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು. ಲೈಟು, ಸಸ್ಪೆನ್ಷನ್ನು, ಬ್ರೇಕು, ಟೈರು ಎಂಬ ನಾಲ್ಕೇ ಕಾರಣಗಳ ಸುತ್ತ ಬಹುಪಾಲು ಫೇಲುಗಳು, ಹರಿಹರದ ಶಿಷ್ಯ ಹೇಳಿದವೇ. ನಂಬರು ಒತ್ತಿದರೆ ಯಾವ ಕಾರು ಯಾವ ವರ್ಷ ಯಾಕೆ ಫೇಲಾಯಿತು, ಆಗ ಮೀಟರಿನಲ್ಲಿ ಎಷ್ಟಿತ್ತು ಎಂಬುದು ಯಾರಿಗೆ ಬೇಕಾದರೂ ಪುಕ್ಕಟೆಯಾಗಿ ಕಾಣಿಸುತ್ತದೆ. ಅಂಥದೊಂದು ಪಟ್ಟಿ ಇಲ್ಲಿ ಬಂದರೆ ದಾವಣಗೆರೆಯ ಡಾಕ್ಟರುಗಳು ರಾತ್ರೋರಾತ್ರಿ ಲಕ್ಷಾಂತರ ಕಿಲೋಮೀಟರು ಓಡಿದವರಾಗುತ್ತಾರೆ. ಇಷ್ಟಾದ ಮೇಲೂ ಅಲ್ಲಿಯ ಸರ್ಟಿಫಿಕೇಟು ಪ್ರಾಮಾಣಿಕ: ಪರೀಕ್ಷೆಯ ಹೊತ್ತಿಗೆ ಸರಿ ಇತ್ತು, ವರ್ಷವಿಡೀ ಸರಿ ಇರುತ್ತದೆಂದು ನಾವು ಹೇಳಿಲ್ಲ ಎನ್ನುತ್ತದೆ. ನಮ್ಮದು ಒಂದು ಬೆಳಗ್ಗೆ ನೋಡಿ ಐದು ವರ್ಷಕ್ಕೆ ಬರೆದುಕೊಡುತ್ತದೆ. ಆತ್ಮವಿಶ್ವಾಸ ಎಂದರೆ ಇದು.

ಸರ್ಕಾರಕ್ಕೆ ತನ್ನ ಸ್ವಂತ ಗಾಡಿಗಳ ವಿಷಯದಲ್ಲಿ ಮಾತ್ರ ಈ ವಿಶ್ವಾಸ ಇಲ್ಲ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ಗಾಡಿಗಳ ನೋಂದಣಿ ನವೀಕರಣವೇ ಇಲ್ಲ. ರಕ್ಷಣೆ, ಕಾನೂನು ಸುವ್ಯವಸ್ಥೆಯ ವಿಶೇಷ ವಾಹನಗಳನ್ನು ಬಿಟ್ಟರೆ ಉಳಿದದ್ದೆಲ್ಲ ಗುಜರಿಗೆ. ತನ್ನ ಎಫ್‌ಸಿಯ ಯೋಗ್ಯತೆ ತನಗೇ ಗೊತ್ತಿರುವುದರಿಂದ ಅಧಿಕಾರಿಗಳನ್ನು ಅಂಥ ಗಾಡಿಯಲ್ಲಿ ಕೂರಿಸಲು ಅದಕ್ಕೆ ಧೈರ್ಯವಿಲ್ಲ. ದೆಹಲಿಯಲ್ಲಂತೂ ಡೀಸೆಲ್ಲಿಗೆ ಹತ್ತು, ಪೆಟ್ರೋಲಿಗೆ ಹದಿನೈದು ಎಂದು ವಯಸ್ಸು ನೋಡಿಯೇ ಮನೆಗೆ ಕಳಿಸುವ ಪದ್ಧತಿ ಬಂತು. ಅರವತ್ತು ತುಂಬಿದ ದಿನ ಹಾರ ಹಾಕಿಸಿಕೊಂಡು ಹೊರಬಿದ್ದ ಮೇಷ್ಟ್ರಿಗೆ ಅದು ಅನ್ಯಾಯವೆಂದು ಅನಿಸುತ್ತದೆ. ಪರೀಕ್ಷೆ ಮಾಡದೆ ಫೇಲು ಮಾಡುವುದಕ್ಕಿಂತ ಪರೀಕ್ಷೆ ಮಾಡದೆ ಪಾಸು ಮಾಡುವುದು ಮಾನವೀಯ ಎಂಬುದು ಅವರ ವಾದ.

ಕಾರು ಪಾಸಾಯಿತು. 2030ರವರೆಗೆ ಅದು ರಸ್ತೆಗೆ ಲಾಯಕ್ಕು. ಟೈರು ವಾಪಸು ಕೊಡಲು ಮತ್ತೆ ಹರಿಹರಕ್ಕೆ ಹೋದೆವು. ಸೆಟ್ಟಿಗಾಗಿ ಇನ್ನೊಬ್ಬರು ಆಗಲೇ ಬೆಂಚಿನ ಮೇಲೆ ಕಾಯುತ್ತ ಕೂತಿದ್ದರು. 2012ರ ಟೈರುಗಳು ಸ್ವಸ್ಥಾನ ಸೇರಿದವು.

“ಸೋಮವಾರ ಗಾಡಿ ಬಿಡ್ರಿ ಮೇಷ್ಟ್ರೆ” ಎಂದ ಶಿಷ್ಯ. “ವೀಲ್ ಸಿಲಿಂಡರು, ಬಾಲ್ ಜಾಯಿಂಟು ಎರಡಾದ್ರೂ ಮಾಡಿ ಕೊಡ್ತೀನಿ. ದುಡ್ಡು ನಿಧಾನಕ್ಕೆ ಕೊಡ್ರಿ.”

“ಪಾಸಾದ ಹುಡುಗನಿಗೆ ಯಾರಾದ್ರೂ ಟ್ಯೂಷನ್ ಹೇಳಿಸ್ತಾರೇನೋ?”

“ಕಾಪಿ ಹೊಡ್ದು ಪಾಸಾಗಿರೋನು ಅಲ್ರೀ.”

ಮೇಷ್ಟ್ರು ನನ್ನ ಕಡೆ ತಿರುಗಿ, “ಇವನಿಗೆ ಲೆಕ್ಕ ಬರ್ತಿರಲಿಲ್ಲ, ಬಾಯಿ ಮಾತ್ರ ಆವಾಗ್ಲೂ ಹಿಂಗೇ ಇತ್ತು” ಎಂದು ಹೇಳಿ ಸ್ಟಾರ್ಟ್ ಮಾಡಿದರು. ಗಾಡಿ ಮುಂದಕ್ಕೆ ಹೋಗಲಿಲ್ಲ. ಗ್ಯಾರೇಜಿನ ಮುಂದಿನ ಇಳಿಜಾರಿನಲ್ಲಿ ಮುಂಚಕ್ರಕ್ಕೆ ಕೊಟ್ಟಿದ್ದ ಕಲ್ಲು ಹಾಗೇ ಇತ್ತು. ನಾನು ಇಳಿದು ಅದನ್ನೆತ್ತಿ ರಸ್ತೆ ಬದಿಗೆ ಎಸೆಯಲು ಹೋದೆ.

“ಏಯ್, ಬಿಸಾಕಬೇಡ್ರಿ!” ಎಂದರು ಮೇಷ್ಟ್ರು. “ಡಿಕ್ಕಿಯೊಳಗೆ ಇಡ್ರಿ. ಮನೆ ಮುಂದೆ ನಿಲ್ಲಿಸೋಕೆ ಬೇಕು.”